ಗಾಡಿಯ ನಂಬರು ಯಾರ ಸೊತ್ತು?

ಬೆಂಗಳೂರಿನ ಬಸವನಗುಡಿ, ಮೈಸೂರಿನ ಕೃಷ್ಣಮೂರ್ತಿಪುರಂ, ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ ಅಪರೂಪಕ್ಕೊಮ್ಮೆ ‘ಎಂ.ವೈ.’ ಎಂದು ಶುರುವಾಗುವ ನಂಬರಿನ ಫಿಯೆಟ್ ಕಾರೋ ಲ್ಯಾಂಬ್ರೆಟಾ ಸ್ಕೂಟರೋ ಇಂದಿಗೂ ಕಣ್ಣಿಗೆ ಬೀಳುವುದುಂಟು. ಆ ಎರಡು ಅಕ್ಷರಗಳು ಸೂಚಿಸುವುದು ಮೈಸೂರು ರಾಜ್ಯವನ್ನು. ಆ ಹೆಸರಿನ ರಾಜ್ಯ 1973ರಲ್ಲೇ ಕರ್ನಾಟಕವಾಯಿತು. ಆ ಅಕ್ಷರಗಳನ್ನು ಕೊಟ್ಟ ಕಾಯಿದೆಯೂ 1989ರಲ್ಲಿ ರದ್ದಾಯಿತು. ಆದರೂ ಗಾಡಿಯ ನಂಬರು ಮಾತ್ರ ಹುಟ್ಟಿದಾಗ ಇದ್ದದ್ದೇ.

ಅದೇ ಬೀದಿಯಲ್ಲಿ ಪುಣೆಯಿಂದ ಕೆಲಸದ ಮೇಲೆ ಬಂದವರೊಬ್ಬರ ‘ಎಂ.ಎಚ್. 12’ ಕಾರು ನಿಂತಿರುತ್ತದೆ. ಕಾರು ಕೊಂಡು ಮೂರು ವರ್ಷವೂ ಆಗಿರುವುದಿಲ್ಲ. ಆದರೆ ಅವರು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿಯೇ ಉಳಿಯುವುದಾದರೆ ಆ ನಂಬರನ್ನು ಕಳಚಿಟ್ಟು ‘ಕೆ.ಎ.’ ಎಂದು ಶುರುವಾಗುವ ಹೊಸ ನಂಬರು ಪಡೆಯಬೇಕು. ಜೊತೆಗೆ ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅರ್ಧ ಶತಮಾನದ ಹಿಂದಿನ ನಂಬರು ಉಳಿಯುತ್ತದೆ, ಮೂರು ವರ್ಷದ್ದು ಹೋಗುತ್ತದೆ. ಇದು ಹೇಗೆ ಎಂದು ಕೇಳಿದರೆ ಉತ್ತರ ಸಾರಿಗೆ ಕಚೇರಿಯ ಕಿಟಕಿಯಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಸ್ವಲ್ಪ ಹಿಂದೆ ಹೋಗಬೇಕು.

ಮೋಟಾರು ಗಾಡಿಗೆ ಗುರುತಿನ ಫಲಕ ಕಡ್ಡಾಯ ಮಾಡಿದ ಮೊದಲ ಊರು ಪ್ಯಾರಿಸ್. 1893ರ ಆಗಸ್ಟ್‌ನಲ್ಲಿ ಅಲ್ಲಿನ ಪೊಲೀಸರು ಈ ಆಜ್ಞೆ ಹೊರಡಿಸಿದರು. ಯಾರಿಗಾದರೂ ಡಿಕ್ಕಿ ಹೊಡೆದು ಪರಾರಿಯಾದ ಗಾಡಿ ಯಾರದೆಂದು ಪತ್ತೆ ಮಾಡುವುದಷ್ಟೇ ಇದರ ಉದ್ದೇಶ. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯಿದೆಯ ಪ್ರಕಾರ 1904ರ ಜನವರಿ 1ರಿಂದ ನಂಬರು ಕಡ್ಡಾಯವಾಯಿತು. ಲಂಡನ್ನಿನ ‘ಎ 1’ ಎಂಬ ನಂಬರು ಅರ್ಲ್ ರಸೆಲ್‌ಗೆ ಸಿಕ್ಕಿತು. ಇವರು ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ರ ಅಣ್ಣ. ಈ ನಂಬರಿಗಾಗಿ ಅವರು ರಾತ್ರಿಯೆಲ್ಲ ಸಾಲಿನಲ್ಲಿ ಕಾದರೆಂಬ ಕಥೆಯೂ ಇದೆ. ಫ್ಯಾನ್ಸಿ ನಂಬರಿನ ಹುಚ್ಚು ನಮ್ಮ ಕಾಲದ್ದು ಎಂದುಕೊಂಡವರು ಇದನ್ನು ಗಮನಿಸಬೇಕು.

ಭಾರತದಲ್ಲಿ 1914ರಲ್ಲಿ ಮೊದಲ ಮೋಟಾರು ವಾಹನ ಕಾಯಿದೆ ಬಂತು. ಅದು ಚಿಕ್ಕದು. ಹೆಚ್ಚಿನ ವಿವರಗಳನ್ನು ಪ್ರಾಂತ್ಯಗಳಿಗೇ ಬಿಟ್ಟಿತ್ತು. ವ್ಯವಸ್ಥೆಗೆ ಗಟ್ಟಿ ರೂಪ ಬಂದದ್ದು 1939ರ ಕಾಯಿದೆಯಿಂದ. ಅದರ ಪರಿಶಿಷ್ಟವೊಂದರಲ್ಲಿ ಯಾವ ಪ್ರಾಂತ್ಯಕ್ಕೆ ಯಾವ ಅಕ್ಷರ ಎಂಬ ಪಟ್ಟಿ ಇತ್ತು. ಮೂರು ಅಕ್ಷರ, ನಾಲ್ಕು ಅಂಕಿ. ಮೊದಲ ಎರಡು ಅಕ್ಷರ ರಾಜ್ಯದ್ದು. ಮುಂಬಯಿಗೆ ಬಿ.ಎಂ. ಮತ್ತು ಬಿ.ವೈ., ಮದರಾಸಿಗೆ ಎಂ.ಡಿ. ಮತ್ತು ಎಂ.ಎಸ್., ಮೈಸೂರಿಗೆ ಎಂ.ವೈ.

1956ಕ್ಕೆ ಮುಂಚೆ ಇಂದಿನ ಕರ್ನಾಟಕದ ರಸ್ತೆಗಳಲ್ಲಿ ಈ ಎಲ್ಲ ಅಕ್ಷರಗಳೂ ಓಡಾಡುತ್ತಿದ್ದವು. ಬೆಳಗಾವಿ, ಧಾರವಾಡ, ವಿಜಾಪುರ ಹಾಗೂ ಕಾರವಾರದ ಗಾಡಿಗಳಿಗೆ ಮುಂಬಯಿ ರಾಜ್ಯದ ನೋಂದಣಿ. ಮಂಗಳೂರಿನವಕ್ಕೆ ಮದರಾಸಿನದು. ಕಲಬುರ್ಗಿ, ಬೀದರ್, ರಾಯಚೂರಿನ ಕಡೆ ಹೈದರಾಬಾದಿನದು. ಆ ವರ್ಷದ ನವೆಂಬರ್ 1ರಂದು ಗಡಿಗಳನ್ನು ಹೊಸದಾಗಿ ಎಳೆದಾಗ ಈ ಊರುಗಳ ಗಾಡಿಗಳು ನಿಂತಲ್ಲೇ ನಿಂತಿದ್ದವು. ರಾಜ್ಯವೇ ಅವುಗಳ ಕೆಳಗೆ ಸರಿಯಿತು. ಏಕೀಕರಣದ ಇತಿಹಾಸ ಬರೆದವರು ಭಾಷೆ, ಆಡಳಿತ, ಕೋರ್ಟು ಕಚೇರಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಮನೆ ಮುಂದಿನ ಗಾಡಿಯ ಮೇಲಿದ್ದ ಅಕ್ಷರಗಳ ಕಡೆ ಹೆಚ್ಚು ಜನರ ಗಮನ ಹೋದಂತಿಲ್ಲ.

1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೂ ಫಲಕದ ಮೇಲೆ ಮೈಸೂರಿನ ಎಂ ಅಕ್ಷರವೇ ಉಳಿಯಿತು. ಎಂ.ವೈ. ಸಾಲದಾದಾಗ ಎಂ.ಇ. ಬಂತು, ಮುಂದೆ ಸಿ.ಎ. ಬಂತು. ಸಾಲದಾಗಲು ಕಾರಣ ಸರಳವಾದ ಲೆಕ್ಕ. ಎರಡು ಅಕ್ಷರಗಳ ಮುಂದೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನೂ ಬಳಸಿ, ಪ್ರತಿಯೊಂದಕ್ಕೂ 9999 ನಂಬರು ಕೊಟ್ಟರೂ 2.6 ಲಕ್ಷ ಗಾಡಿಗಳಿಗೆ ಮುಗಿದುಹೋಗುತ್ತದೆ. ಸ್ಕೂಟರು, ಮೊಪೆಡ್ಡುಗಳು ಮನೆಮನೆಗೂ ಬರುತ್ತಿದ್ದ ಕಾಲದಲ್ಲಿ ಇದು ಯಾವ ಮೂಲೆಗೂ ಸಾಲುವಂತಿರಲಿಲ್ಲ. ರಾಜ್ಯದ ಹೆಸರಿಗೂ ಫಲಕದ ಅಕ್ಷರಕ್ಕೂ ಸಂಬಂಧವೂ ತಪ್ಪಿಹೋಯಿತು. ಸಿ.ಎ. ಎಂಬುದರಲ್ಲಿ ಕರ್ನಾಟಕವನ್ನು ಕಾಣುವುದು ಹೊರಗಿನವರಿಗೆ ಕಷ್ಟವೇ ಆಗಿತ್ತು.

ಇಂದಿನ ಪದ್ಧತಿ ಬಂದದ್ದು 1988ರ ಮೋಟಾರು ವಾಹನ ಕಾಯಿದೆಯಿಂದ. ಅದು ಜಾರಿಗೆ ಬಂದದ್ದು 1989ರ ಜುಲೈ 1ರಂದು. ಮೊದಲು ರಾಜ್ಯದ ಎರಡು ಅಕ್ಷರ, ಆಮೇಲೆ ಸಾರಿಗೆ ಕಚೇರಿಯ ಅಂಕಿ, ನಂತರ ಸರಣಿಯ ಅಕ್ಷರ, ಕೊನೆಗೆ ನಂಬರು. ನಮ್ಮ ಪಾಲಿಗೆ ‘ಕೆ.ಎ.’ ಬಂತು. ಕಚೇರಿಯ ಅಂಕಿಗಳನ್ನು ಹಂಚಿದ ರೀತಿಯನ್ನು ಒಮ್ಮೆ ಸಾಲಾಗಿ ಓದಿದರೆ ರಾಜ್ಯದ ನಕ್ಷೆಯೇ ಕಣ್ಮುಂದೆ ಬರುತ್ತದೆ. 01ರಿಂದ 05 ಬೆಂಗಳೂರು ನಗರ. 06 ತುಮಕೂರು, 07 ಕೋಲಾರ, 09 ಮೈಸೂರು, 11 ಮಂಡ್ಯ, 12 ಮಡಿಕೇರಿ, 14 ಶಿವಮೊಗ್ಗ, 19 ಮಂಗಳೂರು. 22 ಬೆಳಗಾವಿಯಿಂದ 31 ಶಿರಸಿಯವರೆಗೆ ಪೂರ್ತಿ ಬೆಳಗಾವಿ ವಿಭಾಗ. 32 ಕಲಬುರ್ಗಿಯಿಂದ 38 ಬೀದರ್‌ವರೆಗೆ ಕಲಬುರ್ಗಿ ವಿಭಾಗ. 1956ರಲ್ಲಿ ಅಳಿಸಿಹೋಗಬೇಕಿದ್ದ ಹಳೆಯ ಗೆರೆಗಳು ಅಂಕಿಗಳ ಗುಂಪಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಕುಳಿತಿವೆ. ಕಚೇರಿಗಳು ಹೆಚ್ಚಾದಂತೆ ಈ ಅಂದ ಕೆಟ್ಟಿದೆ. ಹುಬ್ಬಳ್ಳಿಗೆ 63 ಸಿಕ್ಕಿದ್ದು ಹಾಗೆ; ಧಾರವಾಡದ 25ಕ್ಕೂ ಅದಕ್ಕೂ ಅಂಕಿಯಲ್ಲಿ ಏನೂ ನೆಂಟಸ್ತಿಕೆ ಇಲ್ಲ.

ಹೊಸ ಪದ್ಧತಿ ಬಂದರೂ ಹಳೆಯ ಎಂ.ವೈ., ಸಿ.ಎ. ನಂಬರುಗಳು ಉಳಿದವು. ನಂಬರು ಎಂಬುದು ಗಾಡಿಗೆ ಒಮ್ಮೆ ಕೊಟ್ಟ ಗುರುತು. ಅದು ಅದೇ ರಾಜ್ಯದ ಪುಸ್ತಕದಲ್ಲಿ ಇರುವ ತನಕ ಬದಲಾಗಬೇಕಾದ ಕಾರಣವಿಲ್ಲ. ಸ್ವಂತ ಬಳಕೆಯ ಗಾಡಿಯ ನೋಂದಣಿಗೆ 15 ವರ್ಷ ಬಾಳಿಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋದರೆ ನಂಬರು ಅದೇ. ನವೀಕರಣದ ಶುಲ್ಕ ಮಾತ್ರ ಹಗುರವಾಗಿ ಉಳಿದಿಲ್ಲ. ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5000ಕ್ಕೆ ಏರಿತು. ಹಳೆಯ ಗಾಡಿಯನ್ನು ಗುಜರಿಗೆ ಕಳಿಸಿ ಎಂಬುದು ಸರ್ಕಾರದ ಸೂಚನೆ ಇರಬಹುದು. ತಾತನ ಕಾಲದ ಸ್ಕೂಟರನ್ನು ಒರೆಸಿ ಇಟ್ಟುಕೊಂಡವರು ಅಷ್ಟಕ್ಕೆಲ್ಲ ಜಗ್ಗುವುದಿಲ್ಲ.

ಕಷ್ಟ ಶುರುವಾಗುವುದು ರಾಜ್ಯದ ಗಡಿ ದಾಟಿದಾಗ. ಕಾಯಿದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ಹಳೆಯ ಊರಿನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಜನರ ಬಾಯಲ್ಲಿ ಎನ್.ಓ.ಸಿ. ತರಬೇಕು. ಇದಕ್ಕೆ 28ನೇ ನಮೂನೆ. ಗಾಡಿ ಸಾಲದ ಮೇಲೆ ಕೊಂಡದ್ದಾದರೆ ಬ್ಯಾಂಕಿನ ಒಪ್ಪಿಗೆ ಬೇಕು. ತೆರಿಗೆ ಬಾಕಿ ಇರಬಾರದು, ಕಳವಿನ ಮೊಕದ್ದಮೆ ಇರಬಾರದು. ಹೊಸ ಊರಿನಲ್ಲಿ 27ನೇ ನಮೂನೆ. ಗಾಡಿಯನ್ನು ಕೊಂಡೊಯ್ದು ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಷಾಸಿಯ ಮೇಲಿನ ಅಂಕಿಗಳ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವ ಹಳೆಯ ಕ್ರಮ ಕಂಪ್ಯೂಟರು ಬಂದ ಮೇಲೂ ಹೋಗಿಲ್ಲ. ಆಮೇಲೆ ತೆರಿಗೆ. ತೆರಿಗೆ ಕಟ್ಟಿದ ಮೇಲೆಯೇ ಹೊಸ ನಂಬರು.

ಇಡೀ ವಿಷಯದ ಗಂಟು ಇರುವುದು ಈ ತೆರಿಗೆಯಲ್ಲಿ. ಸಂವಿಧಾನ ಬರೆದವರು ಮೋಟಾರು ವಾಹನದ ವಿಷಯವನ್ನು ಎರಡು ಭಾಗ ಮಾಡಿದರು. ಗಾಡಿಗಳ ನಿಯಂತ್ರಣ ಮತ್ತು ತೆರಿಗೆಯ ತತ್ವಗಳು ಸಮವರ್ತಿ ಪಟ್ಟಿಯ 35ನೇ ಬಾಬು. ಅಲ್ಲಿ ಕೇಂದ್ರದ ಮಾತು ನಡೆಯುತ್ತದೆ. ಗಾಡಿಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯ ಪಟ್ಟಿಯ 57ನೇ ಬಾಬು. ಅದರ ಹಣ ರಾಜ್ಯದ ಖಜಾನೆಗೆ. ಹೀಗಾಗಿ ನಂಬರಿನ ನಿಯಮ ದಿಲ್ಲಿಯದು, ನಂಬರಿನ ಹಿಂದಿರುವ ಹಣ ಬೆಂಗಳೂರಿನದು. ಹಿಂದೆ ತೆರಿಗೆಯನ್ನು ವರ್ಷಕ್ಕೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕಟ್ಟುತ್ತಿದ್ದಾಗ ಇದರ ಬಿಸಿ ಅಷ್ಟಾಗಿ ತಟ್ಟುತ್ತಿರಲಿಲ್ಲ. ಊರು ಬಿಟ್ಟವರು ಮುಂದಿನ ಕಂತನ್ನು ಹೊಸ ಊರಿನಲ್ಲಿ ಕಟ್ಟಿದರಾಯಿತು. ರಾಜ್ಯಗಳು ಒಂದೇ ಸಲಕ್ಕೆ ಜೀವಾವಧಿ ತೆರಿಗೆ ವಸೂಲು ಮಾಡಲು ತೊಡಗಿದ ಮೇಲೆ ಲೆಕ್ಕವೇ ಬದಲಾಯಿತು.

ಕರ್ನಾಟಕದಲ್ಲಿ ಪೆಟ್ರೋಲು, ಡೀಸೆಲ್ ಕಾರುಗಳಿಗೆ ಈ ತೆರಿಗೆ ಬೆಲೆಗೆ ತಕ್ಕಂತೆ ಶೇಕಡ 13ರಿಂದ 18ರವರೆಗೆ ಇದೆ, ಅದರ ಮೇಲೆ ಉಪಕರ ಬೇರೆ. ದೇಶದಲ್ಲೇ ಹೆಚ್ಚು ತೆರಿಗೆಯ ರಾಜ್ಯಗಳಲ್ಲಿ ಇದೂ ಒಂದು. 12 ಲಕ್ಷದ ಹೊಸ ಕಾರಿಗೆ ತೆರಿಗೆಯೇ ಎರಡು ಲಕ್ಷ ದಾಟುತ್ತದೆ. ಹೊರಗಿನಿಂದ ಬಂದ ಗಾಡಿಗೆ ಅದರ ವಯಸ್ಸಿಗೆ ತಕ್ಕಂತೆ ಕಡಿತ ಉಂಟು. ಹಳೆಯ ರಾಜ್ಯದಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸು ಕೇಳಲೂ ಅವಕಾಶವಿದೆ. ಆದರೆ ಹೊಸ ತೆರಿಗೆಯನ್ನು ಮೊದಲು ಕಟ್ಟಬೇಕು, ವಾಪಸಿನ ಅರ್ಜಿ ಆಮೇಲೆ. ಅದೂ ಬಿಟ್ಟುಬಂದ ಊರಿನ ಕಚೇರಿಯಲ್ಲಿ, ಅಲ್ಲಿನ ಫೈಲು ಅಲುಗಿದಾಗ. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಬ್ಯಾಂಕ್ ನೌಕರನಿಗೆ ಗಾಡಿಯ ಜೊತೆಗೆ ಓಡಾಡುವುದಕ್ಕಿಂತ ಅದನ್ನು ಮಾರಿಬಿಡುವುದೇ ಸಲೀಸು ಎನಿಸಿದರೆ ಆಶ್ಚರ್ಯವಿಲ್ಲ.

ಇಷ್ಟು ಹಣ ಎದುರಿಗಿರುವಾಗ 12 ತಿಂಗಳು ಕಾಯುವ ತಾಳ್ಮೆ ರಾಜ್ಯಗಳಿಗೆ ಇರುವುದಿಲ್ಲ. 2014ರಲ್ಲಿ ಕರ್ನಾಟಕ ತನ್ನ ತೆರಿಗೆ ಕಾಯಿದೆಯನ್ನು ತಿದ್ದಿ, ಹೊರರಾಜ್ಯದ ಗಾಡಿ 30 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ಜೀವಾವಧಿ ತೆರಿಗೆ ಕಟ್ಟಬೇಕು ಎಂದಿತು. ಬೆಂಗಳೂರಿನ ರಸ್ತೆಗಳಲ್ಲಿ ಹೊರರಾಜ್ಯದ ಕಾರು, ಬೈಕುಗಳನ್ನು ನಿಲ್ಲಿಸಿ ತಪಾಸಣೆ ನಡೆಯಿತು. ವಾಹನ ಮಾಲೀಕರು ಹೈಕೋರ್ಟಿಗೆ ಹೋದರು. 2016ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಈ ತಿದ್ದುಪಡಿಯನ್ನು ತಳ್ಳಿಹಾಕಿತು. ಕೇಂದ್ರದ ಕಾಯಿದೆ ಒಂದು ವರ್ಷದ ಅವಕಾಶ ಕೊಟ್ಟಿರುವಾಗ ರಾಜ್ಯ 30 ದಿನಕ್ಕೇ ಜೀವಮಾನದ ತೆರಿಗೆ ಕೇಳುವುದು ಹೊಂದುವುದಿಲ್ಲ ಎಂಬುದು ವಾದದ ತಿರುಳು.

ಇಲಾಖೆಯ ಸಂಶಯಕ್ಕೆ ಆಧಾರವೇ ಇರಲಿಲ್ಲ ಎನ್ನುವಂತಿಲ್ಲ. ತೆರಿಗೆ ಕಡಿಮೆ ಇರುವ ಪುದುಚೇರಿಯಲ್ಲಿ ವಿಳಾಸವೊಂದನ್ನು ತೋರಿಸಿ, ‘ಪಿ.ವೈ.’ ನಂಬರು ಹಾಕಿಸಿ, ವರ್ಷಗಟ್ಟಲೆ ಬೆಂಗಳೂರಿನಲ್ಲೇ ಓಡಾಡುವ ಕೋಟಿ ಬೆಲೆಯ ಕಾರುಗಳನ್ನು ನೋಡದವರು ಯಾರು? ಅಂಥವರನ್ನು ಹಿಡಿಯಲು ಬೀಸಿದ ಬಲೆಗೆ ಹಳೆಯ ಬೈಕಿನಲ್ಲಿ ಬಂದ ಹುಡುಗರು ಬೀಳುತ್ತಾರೆ ಎಂಬುದೇ ತೊಡಕು.

ಗಡಿಯ ಊರುಗಳ ಮಾತು ಇನ್ನೂ ಬೇರೆ. ಕಾಸರಗೋಡಿನ ಕನ್ನಡಿಗರ ಗಾಡಿಗೆ ‘ಕೆ.ಎಲ್. 14’. ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಂದು ಅವರು ಮಂಗಳೂರಿಗೆ ಬಂದುಹೋಗುತ್ತಲೇ ಇರುತ್ತಾರೆ. ಹೊಸೂರಿನ ‘ಟಿ.ಎನ್. 70’ ಗಾಡಿಗಳು ಎಲೆಕ್ಟ್ರಾನಿಕ್ ಸಿಟಿಗೆ, ಸೊಲ್ಲಾಪುರದ ‘ಎಂ.ಎಚ್. 13’ ವಿಜಯಪುರಕ್ಕೆ ಬರುವುದೂ ಹಾಗೆಯೇ. ಕಾಯಿದೆ ಹೇಳುವುದು ಗಾಡಿಯನ್ನು ಬೇರೆ ರಾಜ್ಯದಲ್ಲಿ ‘ಇಟ್ಟುಕೊಳ್ಳುವ’ ಬಗ್ಗೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವುದು ಇಟ್ಟುಕೊಂಡಂತಲ್ಲ. ಆದರೂ ರಸ್ತೆ ಬದಿಯಲ್ಲಿ ನಿಲ್ಲಿಸಿದಾಗ ದಿನವೂ ಮರಳುತ್ತೇವೆ ಎಂದು ಸಾಬೀತುಪಡಿಸುವ ಹೊಣೆ ಗಾಡಿಯವನ ತಲೆಗೇ ಬರುತ್ತದೆ. ಟೋಲ್ ರಸೀತಿ, ಪೆಟ್ರೋಲ್ ಬಿಲ್ಲುಗಳನ್ನು ಜೋಪಾನ ಮಾಡುವುದು ಒಳ್ಳೆಯದು.

ಗಾಡಿ ಕದಲದೆ ರಾಜ್ಯವೇ ಬದಲಾಗುವ ಪ್ರಸಂಗ 1956ಕ್ಕೇ ಮುಗಿಯಲಿಲ್ಲ. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿದಾಗ ‘ಟಿ.ಎಸ್.’ ಎಂಬ ಹೊಸ ಅಕ್ಷರ ಬಂತು. ಅಲ್ಲಿದ್ದ ‘ಎ.ಪಿ.’ ನಂಬರಿನ ಗಾಡಿಗಳೆಲ್ಲ ಹೊಸ ನಂಬರು ಪಡೆಯಬೇಕೆಂದು ಹೊಸ ಸರ್ಕಾರ ಹೊರಟಿತು. ಲಕ್ಷಾಂತರ ಗಾಡಿಗಳ ಕಾಗದಪತ್ರ ಬದಲಿಸುವ ಅಗತ್ಯವೇನು ಎಂಬ ಪ್ರಶ್ನೆ ಹೈಕೋರ್ಟಿನಲ್ಲಿ ಎದ್ದಿತು. ಆ ಹಟ ಮುಂದುವರಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಇನ್ನೊಂದು ಸರ್ಕಾರ ಟಿ.ಎಸ್. ತೆಗೆದು ‘ಟಿ.ಜಿ.’ ತಂದಿತು. ಈ ಸಲ ಹೊಸ ಗಾಡಿಗಳಿಗೆ ಮಾತ್ರ. ಹೀಗಾಗಿ ಹೈದರಾಬಾದಿನ ಒಂದೇ ಮನೆಯ ಮುಂದೆ ತಂದೆಯ ಎ.ಪಿ., ಮಗನ ಟಿ.ಎಸ್., ಸೊಸೆಯ ಟಿ.ಜಿ. ಗಾಡಿಗಳು ಒಟ್ಟಿಗೆ ನಿಲ್ಲಬಹುದು. ಉತ್ತರಾಖಂಡದಲ್ಲಿ ಯು.ಎ. ಹೋಗಿ ಯು.ಕೆ., ಒಡಿಶಾದಲ್ಲಿ ಓ.ಆರ್. ಹೋಗಿ ಓ.ಡಿ. ಬಂದಾಗಲೂ ಹೊಸ ಅಕ್ಷರ ಹೊಸ ಗಾಡಿಗೆ, ಹಳೆಯದು ಹಳೆಯದಕ್ಕೆ.

ಹೆಸರು ಬದಲಾದರೆ ನಂಬರು ಉಳಿಯುತ್ತದೆ, ತೆರಿಗೆ ಪಡೆಯುವ ಖಜಾನೆ ಬದಲಾದರೆ ಹೋಗುತ್ತದೆ. ಎಂ.ವೈ. ಫಿಯೆಟ್ಟಿಗೂ ಎಂ.ಎಚ್. ಕಾರಿಗೂ ಇರುವ ವ್ಯತ್ಯಾಸ ಇಷ್ಟೇ. ಬೇರೆ ದೇಶಗಳು ಇದನ್ನು ಬೇರೆ ರೀತಿ ಬಿಡಿಸಿಕೊಂಡಿವೆ. ಜರ್ಮನಿಯಲ್ಲಿ ಜಿಲ್ಲೆ ಬದಲಾದರೂ ಹೊಸ ಫಲಕ ಬೇಕಿತ್ತು. 2015ರ ಜನವರಿಯಿಂದ ದೇಶದ ಯಾವ ಮೂಲೆಗೆ ಹೋದರೂ ಹಳೆಯದನ್ನೇ ಇಟ್ಟುಕೊಳ್ಳಬಹುದು. ವಿಳಾಸ ತಿಳಿಸಿದರೆ ಸಾಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಫಲಕ ಗಾಡಿಗಲ್ಲ, ಮಾಲೀಕನಿಗೆ ಸೇರಿದ್ದು; ಕಾರು ಮಾರುವಾಗ ಅದನ್ನು ಬಿಚ್ಚಿಕೊಂಡು ಹೋಗುತ್ತಾನೆ.

ನಮ್ಮಲ್ಲಿ ಗಾಡಿ ಮಾರಿದರೆ ನಂಬರೂ ಅದರ ಜೊತೆಗೇ ಹೋಗುವುದು ವಾಡಿಕೆ. ಹರಾಜಿನಲ್ಲಿ ಲಕ್ಷಗಟ್ಟಲೆ ಸುರಿದು ಪಡೆದ 0001 ಆದರೂ ಅಷ್ಟೆ; ಕೆಲವು ರಾಜ್ಯಗಳು ಮಾತ್ರ ಇತ್ತೀಚೆಗೆ ಇದನ್ನು ಸಡಿಲಿಸಿವೆ. ನಂಬರು ಹೋದರೂ ಪುಸ್ತಕದಲ್ಲಿನ ಹೆಸರು ತಾನಾಗಿ ಹೋಗುವುದಿಲ್ಲ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಮಾರಿದವನು ರಾಜ್ಯದೊಳಗಾದರೆ 14 ದಿನಗಳಲ್ಲಿ, ಹೊರಗಾದರೆ 45 ದಿನಗಳಲ್ಲಿ ಸಾರಿಗೆ ಕಚೇರಿಗೆ ವರದಿ ಮಾಡಬೇಕು. ಕೊಂಡವನಿಗೆ 30 ದಿನ. 29 ಮತ್ತು 30ನೇ ನಮೂನೆಗಳು ಇದಕ್ಕಾಗಿಯೇ ಇವೆ. ಖಾಲಿ ನಮೂನೆಗೆ ಸಹಿ ಹಾಕಿ, ಹಣ ಎಣಿಸಿಕೊಂಡು, ಕೀ ಕೊಟ್ಟು ಮರೆತುಬಿಡುವುದು ನಮ್ಮ ರೂಢಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇಂಥದೇ ಪ್ರಕರಣ. ಮಾರಿದ ಸುಮಾರು ಎರಡು ವರ್ಷದ ಮೇಲೆ, ಹಲವು ಕೈ ದಾಟಿದ್ದ ಕಾರು ಅಪಘಾತ ಮಾಡಿತ್ತು. ದಾಖಲೆಯಲ್ಲಿ ಮೊದಲ ಮಾಲೀಕನ ಹೆಸರೇ ಇತ್ತು. ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಕೋರ್ಟು ಹೇಳಿತು. ಅಪಘಾತಕ್ಕೆ ಸಿಕ್ಕವರು ಕೈಯಿಂದ ಕೈಗೆ ದಾಟಿದ ಗಾಡಿಯ ಬೆನ್ನು ಹತ್ತಿ ಅಲೆಯುವಂತಾಗಬಾರದು ಎಂಬುದು ತೀರ್ಪಿನ ಆಶಯ.

ಊರೂರು ತಿರುಗುವವರಿಗೆ ಸ್ವಲ್ಪ ಬಿಡುಗಡೆ ಸಿಕ್ಕಿದ್ದು 2021ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ‘ಬಿ.ಎಚ್.’ ಅಂದರೆ ಭಾರತ್ ಸರಣಿಯನ್ನು ಪ್ರಕಟಿಸಿತು. ಸೆಪ್ಟೆಂಬರ್ 15ರಿಂದ ಜಾರಿ. ಇದರಲ್ಲಿ ರಾಜ್ಯದ ಅಕ್ಷರವೇ ಇಲ್ಲ. ಮೊದಲು ನೋಂದಣಿಯ ವರ್ಷ, ಆಮೇಲೆ ಬಿ.ಎಚ್., ನಂತರ ನಾಲ್ಕು ಅಂಕಿ, ಕೊನೆಗೆ ಅಕ್ಷರ. ತೆರಿಗೆಯನ್ನು ಜೀವಾವಧಿಗಲ್ಲ, ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ಅರ್ಥಾತ್ ಕಂತಿನ ತೆರಿಗೆಯ ಹಳೆಯ ಕ್ರಮಕ್ಕೇ ಹೊಸ ಬಟ್ಟೆ. ಆದರೆ ಇದು ಎಲ್ಲರಿಗೂ ಅಲ್ಲ. ಸೇನೆಯವರು, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳವರು, ನಾಲ್ಕು ಅಥವಾ ಹೆಚ್ಚು ರಾಜ್ಯ ಇಲ್ಲವೇ ಕೇಂದ್ರಾಡಳಿತ ಪ್ರದೇಶಗಳಲ್ಲಿ ಕಚೇರಿ ಇರುವ ಖಾಸಗಿ ಕಂಪೆನಿಯ ನೌಕರರು ಮಾತ್ರ ಅರ್ಹರು. ಕರ್ನಾಟಕ ಮೊದಮೊದಲು ಖಾಸಗಿ ನೌಕರರಿಗೆ ಇದನ್ನು ಕೊಡಲು ಒಪ್ಪಲಿಲ್ಲ. 2022ರ ಕೊನೆಯಲ್ಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಉಡುಪಿಯಿಂದ ಮುಂಬಯಿಗೆ ಹೋಗಿ ಹೋಟೆಲು ಇಟ್ಟವನಿಗಾಗಲಿ, ಮಗನ ಮನೆಯಲ್ಲಿರಲು ಚೆನ್ನೈಗೆ ಹೊರಟ ನಿವೃತ್ತ ಮೇಷ್ಟ್ರಿಗಾಗಲಿ ಈ ಸೌಕರ್ಯವಿಲ್ಲ. ಅವರಿಗೆ ಹಳೆಯ ಎನ್.ಓ.ಸಿ.ಯೇ ಗತಿ. ಊರು ಬಿಡುವ ಕಷ್ಟ ಸಂಬಳದವರಿಗೆ ಮಾತ್ರ ಎಂದು ನಿಯಮ ಮಾಡಿದವರು ಯಾಕೆ ಭಾವಿಸಿದರೋ.

ಫಲಕದ ಮೇಲೆ ಏನು ಬರೆಯಬಹುದು ಎಂಬುದಕ್ಕೂ ಕಟ್ಟುನಿಟ್ಟು ಉಂಟು. ಅಕ್ಷರ ಇಂಗ್ಲಿಷಿನಲ್ಲಿ, ಅಂಕಿ ನಾವು ದಿನವೂ ಬಳಸುವ ಅಂತರರಾಷ್ಟ್ರೀಯ ರೂಪದಲ್ಲಿ ಇರಬೇಕು ಎನ್ನುತ್ತದೆ 1989ರ ಕೇಂದ್ರ ನಿಯಮ. ಅಭಿಮಾನದಿಂದ ಕನ್ನಡ ಅಂಕಿ ಬರೆಸಿದವರು ದಂಡ ಕಟ್ಟಿದ್ದಾರೆ. ಈಗ ಅಂಗಡಿಯಲ್ಲಿ ಬರೆಸುವ ಮಾತೇ ಇಲ್ಲ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗೆ ಕಾರ್ಖಾನೆಯಲ್ಲೇ ತಯಾರಾದ, ಹಾಲೋಗ್ರಾಂ ಇರುವ ಅತಿ ಸುರಕ್ಷಿತ ಫಲಕ ಕಡ್ಡಾಯವಾಗಿದೆ. ಅದಕ್ಕೂ ಹಿಂದಿನವಕ್ಕೆ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ, ಗಡುವನ್ನು ಮೇಲಿಂದ ಮೇಲೆ ಮುಂದೂಡಿತು. ಫಲಕ ಬದಲಾದರೂ ಅದರ ಮೇಲಿನ ನಂಬರು ಬದಲಾಗುವುದಿಲ್ಲ.

ಎಂ.ವೈ. ಗಾಡಿಗಳನ್ನು ಇಟ್ಟುಕೊಂಡವರಿಗೆ 2021ರ ಜುಲೈ ತಿಂಗಳ ಇನ್ನೊಂದು ಕೇಂದ್ರ ನಿಯಮ ಉಪಯೋಗಕ್ಕೆ ಬಂದೀತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಸ್ವಂತ ಬಳಕೆಯ ಕಾರು, ಸ್ಕೂಟರುಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸದಾಗಿ ನೋಂದಣಿಯಾಗುವಂಥವಕ್ಕೆ ರಾಜ್ಯದ ಅಕ್ಷರದ ಮುಂದೆ ‘ವಿ.ಎ.’ ಎಂದು ಸೇರಿಸಿ ಬೇರೆ ನಂಬರು ಕೊಡುತ್ತಾರೆ. ಆದರೆ ಮೊದಲೇ ನೋಂದಣಿ ಇರುವ ಗಾಡಿಯ ಮಾಲೀಕ ಬಯಸಿದರೆ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು ಎಂದು ಆ ನಿಯಮ ಸ್ಪಷ್ಟವಾಗಿ ಹೇಳಿದೆ. ಅರ್ಜಿ ಹಾಕುವವರು ಹಳೆಯ ಆರ್.ಸಿ. ಪುಸ್ತಕವನ್ನು ಕಳೆದುಕೊಂಡಿರಬಾರದು, ಅಷ್ಟೆ.